‘ಥೇಟ್ ಅಪ್ಪನ ಬುದ್ಧಿ’ ಅನ್ನುವ ಮುನ್ನ...

ಮಗು ಹಟ ಮಾಡಿದರೆ ‘ಅಮ್ಮನ ಕಡೆಯವರ ಗುಣ’, ಕ್ಲಾಸಿಗೆ ಫಸ್ಟ್ ಬಂದರೆ ‘ನಮ್ಮ ವಂಶದ ಬುದ್ಧಿ’! ಸ್ವಭಾವ ಅನ್ನೋದು ನಿಜವಾಗಲೂ ರಕ್ತದಲ್ಲೇ ಹರಿದು ಬರುತ್ತಾ? ಇಲ್ಲಾ, ನಾವು ಬೆಳೆಸಿದ ಹಾಗೆ ಮಕ್ಕಳು ಬೆಳೀತಾರಾ? ಈ ಬಗ್ಗೆ ವಿಜ್ಞಾನ ಕಂಡುಕೊಂಡ ಸಂಗತಿಗಳನ್ನು ತಿಳಿದರೆ ಎಷ್ಟೋ ಅಮ್ಮಂದಿರ ಎದೆಯ ಭಾರ ಇಳಿದೀತು.

ಹಬ್ಬಕ್ಕೆ ನಾಲ್ಕು ಜನ ನೆಂಟರು ಸೇರಿದರೆ ಸಾಕು, ಮನೆಯ ಮಕ್ಕಳನ್ನು ಪಾಲು ಹಾಕಿಕೊಳ್ಳೋದು ಶುರು. ಮೂಗು ಅತ್ತೆಯದು, ಬಣ್ಣ ಅಜ್ಜನದು, ಗುಂಗುರು ಕೂದಲು ಚಿಕ್ಕಪ್ಪನದು. ಇಲ್ಲಿಯವರೆಗೆ ಎಲ್ಲರೂ ನಗುನಗುತ್ತಲೇ ಇರುತ್ತಾರೆ. ಅಷ್ಟರಲ್ಲಿ ಮಗು ಇನ್ನೊಂದು ಚಕ್ಕುಲಿ ಬೇಕು ಅಂತ ನೆಲಕ್ಕೆ ಬಿದ್ದು ರಚ್ಚೆ ಹಿಡಿಯಿತು ಅನ್ನಿ, ‘ಈ ಹಟ ನಮ್ಮ ಮನೇದಲ್ಲಪ್ಪಾ...’ ಅಂತ ಒಂದು ರಾಗ ಕೇಳಿಬರುತ್ತೆ. ಎಲ್ಲರ ಕಣ್ಣೂ ಸೊಸೆಯ ಕಡೆ ತಿರುಗುತ್ತೆ. ಕಾಫಿ ತಟ್ಟೆ ಹಿಡಿದು ನಿಂತ ಆಕೆಗೆ ಒಟ್ಟಿಗೇ ಎರಡು ಏಟು. ಒಂದು, ನಿನ್ನ ತವರಿನ ರಕ್ತವೇ ಸರಿಯಿಲ್ಲ ಅನ್ನೋದು. ಇನ್ನೊಂದು, ನಿನಗೆ ಮಗು ಬೆಳೆಸೋಕೆ ಬರೋದಿಲ್ಲ ಅನ್ನೋದು.

ತಮಾಷೆ ನೋಡಿ, ನಮ್ಮ ಗಾದೆಗಳೂ ಎರಡೂ ಕಡೆ ವಕಾಲತ್ತು ವಹಿಸುತ್ತವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುತ್ತೆ ಒಂದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಅನ್ನುತ್ತೆ ಇನ್ನೊಂದು. ಮೊದಲನೆಯದೇ ನಿಜವಾದರೆ ಬಗ್ಗಿಸಿ ಪ್ರಯೋಜನವಿಲ್ಲ. ಎರಡನೆಯದೇ ನಿಜವಾದರೆ ಎಲ್ಲಾ ಅಮ್ಮನ ಕೈಯಲ್ಲೇ ಇದೆ ಅಂದ ಹಾಗಾಯ್ತು. ಹಾಗಾದರೆ ಯಾವುದು ಸರಿ?

ಅವಳಿಗಳು ಬಿಚ್ಚಿಟ್ಟ ಗುಟ್ಟು

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಅವಳಿ ಮಕ್ಕಳನ್ನು ಹೋಲಿಸಿ ನೋಡಬಹುದು ಅಂತ ಮೊದಲು ಹೊಳೆದದ್ದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್‌ಗೆ, 1875ರಲ್ಲಿ. ಲೆಕ್ಕ ಸರಳ. ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡ ಎರಡಾಗಿ ಹುಟ್ಟಿದ ತದ್ರೂಪಿ ಅವಳಿಗಳು. ಇವರ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳು ಬೇರೆ ಬಗೆ. ಇವರು ಒಟ್ಟಿಗೆ ಹುಟ್ಟಿದ ಅಣ್ಣ-ತಂಗಿ ಇದ್ದ ಹಾಗೆ, ವ್ಯತ್ಯಾಸ ತರುವ ಜೀನ್‌ಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಹೊಂದುತ್ತವೆ. ಇಬ್ಬರೂ ಬೆಳೆದದ್ದು ಒಂದೇ ಮನೆಯಲ್ಲಿ, ತಿಂದದ್ದು ಒಂದೇ ಅಡುಗೆ. ಹೀಗಿದ್ದೂ ತದ್ರೂಪಿಗಳ ಸ್ವಭಾವ ಇನ್ನೊಂದು ಬಗೆಯ ಅವಳಿಗಳಿಗಿಂತ ಜಾಸ್ತಿ ಹೊಂದಿದರೆ, ಆ ಹೆಚ್ಚುವರಿ ಹೋಲಿಕೆ ಜೀನ್‌ನದು ಅಂತ ಊಹಿಸಬಹುದು.

ಇದಕ್ಕಿಂತ ರೋಚಕವಾದದ್ದು ಹುಟ್ಟಿದ ಕೂಡಲೇ ಬೇರೆಯಾದ ಅವಳಿಗಳ ಕಥೆ. ಅಮೆರಿಕದ ಓಹಾಯೋ ರಾಜ್ಯದಲ್ಲಿ ಇಬ್ಬರು ಅವಳಿ ಗಂಡುಮಕ್ಕಳನ್ನು ನಾಲ್ಕು ವಾರದ ಕೂಸುಗಳಾಗಿದ್ದಾಗಲೇ ಎರಡು ಬೇರೆ ಕುಟುಂಬಗಳು ದತ್ತು ಪಡೆದವು. ಎರಡೂ ಮನೆಯವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಮಗುವಿಗೆ ಜೇಮ್ಸ್ ಅಂತಲೇ ಹೆಸರಿಟ್ಟರು. 1979ರಲ್ಲಿ, ತಮ್ಮ 39ನೇ ವಯಸ್ಸಿನಲ್ಲಿ, ಜಿಮ್ ಲೂಯಿಸ್ ಮತ್ತು ಜಿಮ್ ಸ್ಪ್ರಿಂಗರ್ ಮತ್ತೆ ಭೇಟಿಯಾದಾಗ ನೋಡಿದವರು ಬೆರಗಾದರು. ಇಬ್ಬರಿಗೂ ಉಗುರು ಕಚ್ಚುವ ಚಾಳಿ, ಇಬ್ಬರಿಗೂ ಒಂದೇ ಥರದ ತಲೆನೋವು. ಇಬ್ಬರ ಮೊದಲ ಹೆಂಡತಿಯ ಹೆಸರೂ ಲಿಂಡಾ, ಎರಡನೇ ಹೆಂಡತಿಯ ಹೆಸರೂ ಬೆಟ್ಟಿ!

ಸುದ್ದಿ ಓದಿದ ಮಿನೆಸೋಟಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಬುಶಾರ್ಡ್ ಇವರಿಬ್ಬರನ್ನೂ ಕರೆಸಿ ಪರೀಕ್ಷೆ ಮಾಡಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೀಗೆ ಬೇರೆ ಬೇರೆ ಮನೆಗಳಲ್ಲಿ ಬೆಳೆದ ನೂರಕ್ಕೂ ಹೆಚ್ಚು ಅವಳಿ ಜೋಡಿಗಳು ಅವರ ಅಧ್ಯಯನಕ್ಕೆ ಸಿಕ್ಕವು. ಹಾಗಂತ ಹೆಂಡತಿಯ ಹೆಸರನ್ನು ಆರಿಸುವ ಜೀನ್ ಇದೆ ಅಂದುಕೊಳ್ಳಬೇಡಿ. ಆ ಕಾಲದ ಅಮೆರಿಕದಲ್ಲಿ ಲಿಂಡಾ, ಬೆಟ್ಟಿ ಅನ್ನೋದು ನಮ್ಮಲ್ಲಿ ಗೀತಾ, ಲಕ್ಷ್ಮಿ ಇದ್ದ ಹಾಗೆ, ಬೀದಿಗೆ ನಾಲ್ಕು. ಅದು ಬರೀ ಕಾಕತಾಳೀಯ. ನಿಜವಾದ ಸಂಗತಿ ಬೇರೆ. ಧೈರ್ಯ, ಅಂಜಿಕೆ, ಜನರ ಜೊತೆ ಬೆರೆಯುವ ಗುಣ, ಬೇಗ ಕಂಗಾಲಾಗುವ ಗುಣ ಇವುಗಳಲ್ಲಿ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿಗಳೂ ಒಂದೇ ಮನೆಯಲ್ಲಿ ಬೆಳೆದ ತದ್ರೂಪಿಗಳೂ ಹೆಚ್ಚುಕಡಿಮೆ ಅಷ್ಟೇ ಹೋಲುತ್ತಿದ್ದರು.

2015ರಲ್ಲಿ ವಿಜ್ಞಾನಿಗಳು ಅಲ್ಲಿಯವರೆಗಿನ ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. 2,748 ಸಂಶೋಧನಾ ಪ್ರಬಂಧಗಳು, ಸುಮಾರು 1 ಕೋಟಿ 45 ಲಕ್ಷ ಅವಳಿ ಜೋಡಿಗಳ ಲೆಕ್ಕ. ಎತ್ತರದಿಂದ ಹಿಡಿದು ಮನಸ್ಸಿನವರೆಗೆ ಎಲ್ಲಾ ಲಕ್ಷಣಗಳ ಸರಾಸರಿ ತೆಗೆದರೆ, ಜನರ ನಡುವಿನ ವ್ಯತ್ಯಾಸಕ್ಕೆ ಜೀನ್‌ಗಳ ಪಾಲು ಶೇ 49. ಅಂದರೆ ಹೆಚ್ಚುಕಡಿಮೆ ಅರ್ಧ. ಎರಡೂ ಗಾದೆಗಳಿಗೆ ಅರ್ಧರ್ಧ ಮಾರ್ಕ್ಸ್!

ಅರ್ಧ ಅಂದರೆ ಯಾವ ಅರ್ಧ?

ಇಲ್ಲೇ ಬಹಳ ಜನ ಎಡವುವುದು. ‘ಹಾಗಾದರೆ ನನ್ನ ಮಗಳ ಸಿಟ್ಟಿನಲ್ಲಿ ಅರ್ಧ ಅವರಪ್ಪನಿಂದ ಬಂದಿದ್ದು, ಅರ್ಧ ಸಹವಾಸದಿಂದ ಬಂದಿದ್ದು’ ಅಂತ ಲೆಕ್ಕ ಹಾಕಿಬಿಡುತ್ತೇವೆ. ಅದು ಹಾಗಲ್ಲ.

ಒಂದು ಅಡುಗೆಮನೆಯ ಉದಾಹರಣೆ ತಗೊಳ್ಳಿ. ನೀವು ಮಾಡಿದ ಸಾರಿನಲ್ಲಿ ಇಷ್ಟು ರುಚಿ ಪುಡಿಯದು, ಇಷ್ಟು ರುಚಿ ಕುದಿಸಿದ್ದರದು ಅಂತ ಹೇಳೋಕಾಗುತ್ತಾ? ಪುಡಿ ಇಲ್ಲದೆ ಸಾರಿಲ್ಲ, ಕುದಿಸದೆಯೂ ಸಾರಿಲ್ಲ. ಆದರೆ ನಿಮ್ಮ ಬೀದಿಯ ಹತ್ತು ಮನೆಯ ಸಾರು ತಂದು ರುಚಿ ನೋಡಿದರೆ, ಒಂದಕ್ಕೂ ಇನ್ನೊಂದಕ್ಕೂ ಯಾಕಿಷ್ಟು ವ್ಯತ್ಯಾಸ ಅಂತ ಕೇಳಬಹುದು. ಹತ್ತೂ ಮನೆಯವರು ಒಂದೇ ಅಂಗಡಿಯ ಪುಡಿ ಹಾಕಿದ್ದರೆ ವ್ಯತ್ಯಾಸವೆಲ್ಲ ಕೈಗುಣದ್ದು. ಹತ್ತೂ ಕಡೆ ಒಬ್ಬರೇ ಅಡುಗೆಯವರು ಮಾಡಿದ್ದು, ಪುಡಿ ಮಾತ್ರ ಬೇರೆ ಬೇರೆ ಅಂತಾದರೆ ವ್ಯತ್ಯಾಸವೆಲ್ಲ ಪುಡಿಯದು. ಆ ಶೇ 49 ಇಂಥದ್ದೊಂದು ಲೆಕ್ಕ. ಅದು ಜನರ ಗುಂಪಿನ ಮಾತು, ನಿಮ್ಮ ಮಗುವಿನ ಮಾತಲ್ಲ. ಗುಂಪು ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತೆ.

ಇನ್ನೊಂದು ವಿಷಯ. ಸಿಟ್ಟಿಗೊಂದು ಜೀನ್, ಜಾಣತನಕ್ಕೊಂದು ಜೀನ್, ಸೋಮಾರಿತನಕ್ಕೊಂದು ಜೀನ್ ಅಂತ ಇಲ್ಲ. ಮನುಷ್ಯನಲ್ಲಿ ಪ್ರೊಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಒಂದೊಂದು ಸ್ವಭಾವದ ಹಿಂದೆಯೂ ಸಾವಿರಾರು ಕಡೆಯ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ. ಒಂದೊಂದರ ಪಾಲು ಒಗ್ಗರಣೆಯ ಒಂದು ಸಾಸಿವೆ ಕಾಳಿನಷ್ಟು. ‘ಖಿನ್ನತೆಯ ಜೀನ್ ಪತ್ತೆ’ ಅಂತ ಒಂದು ಕಾಲಕ್ಕೆ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತಿತ್ತಲ್ಲ, ಅಂಥ 18 ಪ್ರಸಿದ್ಧ ಜೀನ್‌ಗಳನ್ನು 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿಯ ಜೊತೆ ತಾಳೆ ನೋಡಿದರು. ಬೇರೆ ಯಾವುದೋ ಜೀನ್ ತೆಗೆದುಕೊಂಡಿದ್ದರೂ ಅಷ್ಟೇ ಫಲ ಸಿಗುತ್ತಿತ್ತು! ಒಂಟಿ ಜೀನ್‌ನ ಕಥೆ ಅಲ್ಲಿಗೆ ಮುಗಿಯಿತು.

ಒಂದೇ ಹೊಟ್ಟೆ, ಬೇರೆ ಬೇರೆ ಬುದ್ಧಿ

‘ಇಬ್ಬರನ್ನೂ ನಾನೇ ಹೆತ್ತಿದ್ದು, ಒಂದೇ ಥರ ಬೆಳೆಸಿದ್ದು. ಆದರೂ ದೊಡ್ಡವನು ಉತ್ತರ, ಚಿಕ್ಕವಳು ದಕ್ಷಿಣ!’ ಅನ್ನೋದು ಎಲ್ಲ ಅಮ್ಮಂದಿರ ಅಚ್ಚರಿ. ಇದಕ್ಕೆ ಕಾರಣ ಪ್ರಕೃತಿ ಇಸ್ಪೀಟ್ ಎಲೆ ಕಲಸುವ ರೀತಿ. ನಮ್ಮಲ್ಲಿ 23 ಜೋಡಿ ಕ್ರೋಮೋಸೋಮ್‌ಗಳಿವೆ. ಮಗುವಿಗೆ ಕೊಡುವಾಗ ಪ್ರತಿ ಜೋಡಿಯಿಂದ ಒಂದೊಂದನ್ನು ಮಾತ್ರ ಅಮ್ಮ ಕೊಡುತ್ತಾಳೆ, ಇನ್ನೊಂದನ್ನು ಅಪ್ಪ. 23 ಸಲ ಎರಡರಲ್ಲೊಂದು ಆರಿಸಿದರೆ ಎಷ್ಟು ಬಗೆ ಆಗುತ್ತೆ ಗೊತ್ತೇ? ಸುಮಾರು 84 ಲಕ್ಷ! ನಮ್ಮ ಹಿರಿಯರು ಹೇಳುತ್ತಿದ್ದ 84 ಲಕ್ಷ ಯೋನಿಗಳಿಗೂ ಇದಕ್ಕೂ ಸಂಬಂಧವೇನಿಲ್ಲ, ಸಂಖ್ಯೆ ಹೊಂದಿದ್ದು ಆಕಸ್ಮಿಕ ಅಷ್ಟೆ. ಇದು ಅಮ್ಮನ ಕಡೆಯ ಲೆಕ್ಕ ಮಾತ್ರ, ಅಪ್ಪನ ಕಡೆಯಿಂದಲೂ ಇಷ್ಟೇ ಬಗೆ. ಹೀಗಿರುವಾಗ ಎರಡು ಮಕ್ಕಳು ಒಂದೇ ಥರ ಇದ್ದರೆ ಅದೇ ಆಶ್ಚರ್ಯ. ಅಪ್ಪನಲ್ಲೂ ಇಲ್ಲದ, ಅಮ್ಮನಲ್ಲೂ ಇಲ್ಲದ ಒಂದು ಗುಣ ಮಗುವಿನಲ್ಲಿ ಎದ್ದು ಕಾಣೋದೂ ಇದರಿಂದಲೇ. ಹಾಗಾಗಿ ‘ಇದು ಯಾರ ಕಡೆಯ ಗುಣ?’ ಅನ್ನೋ ಪ್ರಶ್ನೆಗೆ ಬಹಳಷ್ಟು ಸಲ ಉತ್ತರ ‘ಎರಡೂ ಕಡೆಯದು’ ಅಂತಲೇ.

ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ನಾವೆಲ್ಲ ಘಮ್ಮೆನ್ನುತ್ತೆ ಅನ್ನುವ ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನ ವಾಸನೆ ಹೊಡೆಯುತ್ತೆ. ವಾಸನೆ ಹಿಡಿಯುವ ಒಂದು ಜೀನ್‌ನ ವ್ಯತ್ಯಾಸಕ್ಕೂ ಇದಕ್ಕೂ ನಂಟಿದೆ ಅಂತ 2012ರಲ್ಲಿ ಕಂಡುಕೊಂಡರು. ಎಲೆಕೋಸಿನಂಥ ತರಕಾರಿಯ ಕಹಿ ಕೆಲವು ಮಕ್ಕಳ ನಾಲಿಗೆಗೆ ಬೇರೆಯವರಿಗಿಂತ ಜಾಸ್ತಿ ತಟ್ಟುತ್ತೆ. ಇದಕ್ಕೂ ಜೀನ್ ಕಾರಣ. ತಟ್ಟೆಯ ಅಂಚಿಗೆ ಸರಿಸಿದ ಕೋಸು ನೋಡಿ ‘ಎಲ್ಲಾ ನಿನ್ನ ಮುದ್ದಿನಿಂದ ಹಾಳಾಯ್ತು’ ಅನ್ನುವವರಿಗೆ ಇಷ್ಟು ಹೇಳಬಹುದು.

ಅಮ್ಮನ ತಲೆಗೆ ಕಟ್ಟಿದ ತಪ್ಪು

ಇದೆಲ್ಲ ಬರೀ ಕುತೂಹಲದ ಮಾತು ಅಂದುಕೊಂಡಿರಾ? ಇಲ್ಲ, ಇದರಿಂದ ಬದುಕುಗಳೇ ನಲುಗಿವೆ. ಆಟಿಸಂನ ಕಥೆ ಕೇಳಿ.

ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡದು, ಕರೆದರೆ ತಿರುಗದು, ತನ್ನದೇ ಲೋಕದಲ್ಲಿರುತ್ತೆ. ಈ ಲಕ್ಷಣಗಳನ್ನು 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ವಿವರಿಸಿದರು. ಆದರೆ ಮುಂದಿನ ವರ್ಷಗಳಲ್ಲಿ ಹಬ್ಬಿದ ವಿವರಣೆ ಏನು ಗೊತ್ತೇ? ಅಮ್ಮನಿಗೆ ಪ್ರೀತಿ ಇಲ್ಲ, ಅವಳ ಮನಸ್ಸು ಫ್ರಿಜ್‌ನಂತೆ ತಣ್ಣಗಿದೆ, ಅದಕ್ಕೇ ಮಗು ಒಳಗೇ ಮುದುಡಿದೆ! ‘ರೆಫ್ರಿಜರೇಟರ್ ಮದರ್’ ಅನ್ನುವ ಹೆಸರೇ ಬಿತ್ತು. ಶಿಕಾಗೋದ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಬರೆದ ಪುಸ್ತಕ ಈ ಮಾತಿಗೆ ಇನ್ನಷ್ಟು ಗಾಳಿ ಹಾಕಿತು. ರಾತ್ರಿ ಹಗಲು ಮಗುವಿಗಾಗಿ ಒದ್ದಾಡುತ್ತಿದ್ದ ತಾಯಂದಿರೇ ಅಪರಾಧಿಗಳಾಗಿ ನಿಂತರು.

ಇದನ್ನು ಮೊದಲು ಪ್ರಶ್ನಿಸಿದವರಲ್ಲಿ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಒಬ್ಬರು. ಅವರ ಮಗನಿಗೇ ಆಟಿಸಂ ಇತ್ತು. ಕಾರಣ ಮೆದುಳಿನದು, ತಾಯಿಯದಲ್ಲ ಅಂತ 1964ರಲ್ಲೇ ಪುಸ್ತಕ ಬರೆದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಹುಡುಕಿ ನೋಡಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. 11 ತದ್ರೂಪಿ ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಇತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಚಿಕ್ಕ ಅಧ್ಯಯನವೇ ಸರಿ, ಆದರೆ ದಾರಿ ತೋರಿಸಿತು. 2019ರಲ್ಲಿ ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಅಧ್ಯಯನವೊಂದು, ಆಟಿಸಂನಲ್ಲಿ ಜೀನ್‌ಗಳ ಪಾಲು ಸುಮಾರು ಶೇ 80 ಅಂತ ಅಂದಾಜು ಮಾಡಿತು.

ಇಷ್ಟಾದರೂ ನಮ್ಮಲ್ಲಿ ‘ಟಿ.ವಿ. ಮುಂದೆ ಕೂರಿಸಿದಳು, ಕೆಲಸಕ್ಕೆ ಹೋದಳು, ಅದಕ್ಕೇ ಮಗು ಮಾತಾಡಲ್ಲ’ ಅನ್ನುವ ಪಿಸುಮಾತು ನಿಂತಿಲ್ಲ. ಅಂಥ ಮಾತು ನಿಮ್ಮ ಕಿವಿಗೆ ಬಿದ್ದರೆ ಒಳಗೇ ನುಂಗಿಕೊಂಡು ಕೂರಬೇಡಿ. ಮಗುವಿನ ಮಾತು, ನೋಟದ ಬಗ್ಗೆ ಅನುಮಾನ ಬಂದರೆ ಮಕ್ಕಳ ವೈದ್ಯರಿಗೆ ತಡಮಾಡದೆ ತೋರಿಸಿ. ತರಬೇತಿ ಎಷ್ಟು ಬೇಗ ಶುರುವಾದರೆ ಮಗುವಿಗೆ ಅಷ್ಟು ಅನುಕೂಲ. ತಪ್ಪು ಯಾರದು ಅಂತ ಹುಡುಕುತ್ತಾ ಕಳೆದ ತಿಂಗಳುಗಳು ಮಾತ್ರ ವಾಪಸ್ ಬರೋದಿಲ್ಲ.

ಅಳುವ ಕೂಸು, ನಗುವ ಕೂಸು

ನ್ಯೂಯಾರ್ಕ್‌ನ ವೈದ್ಯ ದಂಪತಿ ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್ 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸುಗಳಾಗಿದ್ದಾಗಿನಿಂದ ದೊಡ್ಡವರಾಗುವ ತನಕ ಗಮನಿಸಿದರು. ಮೊದಲ ತಿಂಗಳುಗಳಲ್ಲೇ ಸ್ವಭಾವದ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಶೇ 40ರಷ್ಟು ಕೂಸುಗಳು ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಹೊಸಬರನ್ನು ಕಂಡರೂ ನಗುವ ‘ಸಲೀಸು’ ಮಕ್ಕಳು. ಶೇ 10ರಷ್ಟು ಊಟ ನಿದ್ದೆಗೆ ಹೊತ್ತುಗೊತ್ತಿಲ್ಲದ, ಜೋರಾಗಿ ಅಳುವ ‘ಕಷ್ಟದ’ ಮಕ್ಕಳು. ಶೇ 15ರಷ್ಟು ಹೊಸದಕ್ಕೆ ಮೊದಲು ಹಿಂಜರಿದು ನಿಧಾನಕ್ಕೆ ಹೊಂದಿಕೊಳ್ಳುವವು. ಉಳಿದವು ಎಲ್ಲದರ ಮಿಶ್ರಣ.

ಮಗುವಿನ ಸಮಸ್ಯೆಗೆಲ್ಲ ತಾಯಿಯನ್ನೇ ದೂರುವ ವೈದ್ಯರ ಚಾಳಿಯನ್ನು ಚೆಸ್ 1964ರಲ್ಲೇ ಟೀಕಿಸಿದ್ದರು. ಅವರು ಹೇಳಿದ್ದು ಇಷ್ಟೆ: ಕೆಟ್ಟ ಸ್ವಭಾವ ಅಂತ ಇಲ್ಲ, ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಾಣಿಕೆ ಆಗದಿದ್ದಾಗ ತೊಂದರೆ ಶುರುವಾಗುತ್ತೆ. ಚುರುಕು ಮಗು ಮೂರು ಗಂಟೆ ಮದುವೆ ಮಂಟಪದಲ್ಲಿ ಸುಮ್ಮನೆ ಕೂತಿರಬೇಕು ಅಂದರೆ ಹೇಗೆ? ಅದೇ ಮಗುವನ್ನು ಸಂಜೆ ಪಾರ್ಕಿಗೆ ಬಿಟ್ಟು ನೋಡಿ, ‘ಎಷ್ಟು ಚಟುವಟಿಕೆ!’ ಅಂತ ಅದೇ ನೆಂಟರು ಹೊಗಳುತ್ತಾರೆ.

ಗಮನಿಸಬೇಕಾದ ಇನ್ನೊಂದು ಸೂಕ್ಷ್ಮ ಇಲ್ಲಿದೆ. ನಾವು ಮಗುವನ್ನು ರೂಪಿಸುವ ಹಾಗೆಯೇ ಮಗುವೂ ನಮ್ಮನ್ನು ರೂಪಿಸುತ್ತೆ. ನಗುವ ಕೂಸನ್ನು ಬೀದಿಯವರೆಲ್ಲ ಎತ್ತಿಕೊಳ್ಳುತ್ತಾರೆ, ಅದು ಇನ್ನಷ್ಟು ನಗುತ್ತೆ. ರಾತ್ರಿಯಿಡೀ ಅಳುವ ಕೂಸಿನ ಅಮ್ಮ ನಿದ್ದೆಗೆಟ್ಟು ರೇಗುತ್ತಾಳೆ. ಹೊರಗಿನಿಂದ ನೋಡಿದವರಿಗೆ ‘ಅವಳು ರೇಗ್ತಾಳೆ, ಅದಕ್ಕೇ ಮಗು ಹಟಮಾರಿ’ ಅನ್ನಿಸುತ್ತೆ. ಕೆಲವು ಸಲ ವಿಷಯ ತಿರುಗುಮುರುಗು!

ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ಸದ್ದು, ಹೊಸ ವಾಸನೆ ತೋರಿಸಿ ನೋಡಿದ್ದರು. ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅಳುತ್ತಿತ್ತು. ಇಂಥವು ಮುಂದೆ ಅಂಜುಬುರುಕ ಆಗುವ ಸಾಧ್ಯತೆ ಹೆಚ್ಚು. ಆದರೆ ಕೊನೆಯವರೆಗೂ ವಿಪರೀತ ಅಂಜಿಕೆಯಲ್ಲೇ ಉಳಿದವರು ಅವರಲ್ಲಿ ಕೆಲವರು ಮಾತ್ರ. ಅತಿಯಾಗಿ ಸೆರಗಿನಡಿ ಬಚ್ಚಿಡದೆ, ಬೈದು ದೂಡದೆ, ಮೆಲ್ಲಮೆಲ್ಲಗೆ ಹೊಸದನ್ನು ಪರಿಚಯಿಸಿದ ತಾಯಂದಿರ ಮಕ್ಕಳ ಭಯ ಬೇಗ ಕಡಿಮೆಯಾಗುತ್ತಿತ್ತು.

ಹುಟ್ಟುಗುಣ ಅಂದರೆ ಹಣೆಬರಹ ಅಲ್ಲ

‘ಜೀನ್‌ನಲ್ಲೇ ಇದೆ ಅಂದಮೇಲೆ ನಾವೇನು ಮಾಡೋಕಾಗುತ್ತೆ?’ ಅಂತ ಕೈಚೆಲ್ಲಬೇಡಿ. ಪಿ.ಕೆ.ಯು. ಅನ್ನುವ ಒಂದು ಕಾಯಿಲೆಯ ಕಥೆ ಇದಕ್ಕೆ ಒಳ್ಳೆಯ ಉತ್ತರ. ಇದು ಒಂದೇ ಜೀನ್‌ನ ದೋಷದಿಂದ ಬರುವ ಅಪರೂಪದ ಕಾಯಿಲೆ. ಆಹಾರದ ಪ್ರೊಟೀನ್‌ನಲ್ಲಿರುವ ಒಂದು ಅಂಶ ಕರಗದೆ ದೇಹದಲ್ಲಿ ಸೇರಿಕೊಂಡು ಮಗುವಿನ ಬುದ್ಧಿ ಬೆಳವಣಿಗೆಯನ್ನೇ ನಿಲ್ಲಿಸುತ್ತೆ. ನಾರ್ವೆಯ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳಿಗೂ ಹೀಗಾದದ್ದು ಯಾಕೆ ಅಂತ ವರ್ಷಗಟ್ಟಲೆ ವೈದ್ಯರಿಂದ ವೈದ್ಯರಿಗೆ ಅಲೆದಳು. ಅವಳ ಛಲದಿಂದಲೇ 1934ರಲ್ಲಿ ಡಾ. ಆಸ್‌ಬ್ಯೋರ್ನ್ ಫೋಲಿಂಗ್ ಕಾರಣ ಪತ್ತೆ ಮಾಡಿದರು. 1950ರ ದಶಕದಲ್ಲಿ ಪಥ್ಯದ ಆಹಾರ ಬಂತು, 1960ರ ದಶಕದಲ್ಲಿ ರಾಬರ್ಟ್ ಗತ್ರಿ ರೂಪಿಸಿದ ರಕ್ತಪರೀಕ್ಷೆ ಬಂತು. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆ ಮಾಡಿ ಪಥ್ಯ ಶುರು ಮಾಡಿದರೆ ಮಗು ಎಲ್ಲರ ಹಾಗೆ ಬೆಳೆಯುತ್ತೆ. ಜೀನ್ ಅದೇ, ತಟ್ಟೆಯಲ್ಲಿನ ಊಟ ಬೇರೆ, ಬದುಕೇ ಬೇರೆ!

ಇನ್ನೊಂದು ಸೊಗಸಾದ ಸಂಗತಿ. ಐಸ್‌ಲ್ಯಾಂಡ್‌ನಲ್ಲಿ 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಂದೆತಾಯಿ ಮಗುವಿಗೆ ಕೊಡದೆ ತಮ್ಮಲ್ಲೇ ಉಳಿಸಿಕೊಂಡ ಜೀನ್ ಭಾಗಗಳನ್ನು ನೋಡಿತು. ಮಗುವಿನ ಮೈಯಲ್ಲಿ ಅವು ಇಲ್ಲವೇ ಇಲ್ಲ. ಹಾಗಿದ್ದೂ ಅವು ಮಗುವಿನ ವಿದ್ಯಾಭ್ಯಾಸದ ಮೇಲೆ ಪರಿಣಾಮ ಬೀರಿದ್ದವು. ಹೇಗೆ? ಆ ಜೀನ್‌ಗಳಿಂದ ಬಂದ ಅಪ್ಪ-ಅಮ್ಮನ ಗುಣ ಮನೆಯ ವಾತಾವರಣವಾಗಿ ಮಗುವನ್ನು ತಲುಪಿತ್ತು. ಓದುವ ಹವ್ಯಾಸ, ಮಾತಿನ ರೀತಿ, ಶಿಸ್ತು ಎಲ್ಲ ಸೇರಿ. ಮನೆಯ ವಾತಾವರಣಕ್ಕೆ ಬೆಲೆಯಿಲ್ಲ ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ನಿಮ್ಮ ಮನಸ್ಸಿನಲ್ಲೂ ಈ ಪ್ರಶ್ನೆ ಇದ್ದೀತು

* ಗಂಡನಿಗೆ ಕುಡಿತದ ಚಟ. ಮಗನೂ ಹಾಗೇ ಆಗುತ್ತಾನಾ?

ಆಗಲೇಬೇಕು ಅಂತೇನೂ ಇಲ್ಲ. ಕುಡಿತದ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಜೀನ್‌ಗಳ ಪಾಲು ಸುಮಾರು ಅರ್ಧ ಅಂತ ಅವಳಿ ಮತ್ತು ದತ್ತು ಮಕ್ಕಳ ಅಧ್ಯಯನಗಳು ಹೇಳುತ್ತವೆ. ಅಂದರೆ ಇಂಥ ಮನೆಯ ಮಕ್ಕಳಿಗೆ ಅಪಾಯ ಬೇರೆಯವರಿಗಿಂತ ಹೆಚ್ಚು. ಆದರೆ ಬಾಟಲಿ ಮುಟ್ಟದವನನ್ನು ಯಾವ ಜೀನೂ ಕುಡುಕನನ್ನಾಗಿ ಮಾಡಲಾರದು. ಮಗ ಪಿ.ಯು.ಸಿ.ಗೆ ಬಂದಾಗ ಗುಟ್ಟು ಮಾಡದೆ, ‘ನಮ್ಮ ಮನೆಯಲ್ಲಿ ಇದಿದೆ, ಗೆಳೆಯರಿಗೆ ಆಟವಾದದ್ದು ನಿನಗೆ ಚಟವಾಗಬಹುದು’ ಅಂತ ನೇರವಾಗಿ ಹೇಳಿ. ‘ನೀನೂ ನಿಮ್ಮಪ್ಪನ ಹಾಗೇ ಹಾಳಾಗ್ತೀಯ’ ಅಂತ ಮಾತ್ರ ಹೇಳಬೇಡಿ. ಮೊದಲನೆಯದು ಎಚ್ಚರಿಕೆ, ಎರಡನೆಯದು ಶಾಪ.

* ನಾದಿನಿಗೆ ಸ್ಕಿಜೋಫ್ರೇನಿಯಾ ಇದೆ. ಮಗಳ ಮದುವೆ ಮಾತುಕತೆಯಲ್ಲಿ ಮುಚ್ಚಿಡಬೇಕಾ?

ಮೊದಲು ಲೆಕ್ಕ ನೋಡಿ. ಈ ಕಾಯಿಲೆ ನೂರರಲ್ಲಿ ಸುಮಾರು ಒಬ್ಬರಿಗೆ ಬರುತ್ತೆ. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಶೇ 10. ಅಂದರೆ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಸೋದರತ್ತೆಗೆ ಇದ್ದರೆ ಅಪಾಯ ಇನ್ನೂ ಕಡಿಮೆ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರೋದು ಅರ್ಧದಷ್ಟು ಸಲವೂ ಇಲ್ಲ. ಮುಚ್ಚಿಟ್ಟ ಸುದ್ದಿ ಮದುವೆಯಾದ ಮೇಲೆ ಹೊರಬಿದ್ದರೆ ಆಗುವ ನೋವು ಕಾಯಿಲೆಯದಕ್ಕಿಂತ ದೊಡ್ಡದು. ಸಮಾಧಾನವಾಗಿ, ಈ ಲೆಕ್ಕದ ಸಮೇತ ಹೇಳಿ. ‘ಕೆಟ್ಟ ವಂಶ’ ಅಂತ ಜನರನ್ನು ತೂಗುವ ಯೋಚನೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದಕ್ಕೆ ಚರಿತ್ರೆಯೇ ಸಾಕ್ಷಿ. ಅವಳಿಗಳ ಲೆಕ್ಕ ಹಾಕಿದ ಅದೇ ಗಾಲ್ಟನ್ 1883ರಲ್ಲಿ ಮನುಷ್ಯರ ‘ತಳಿ ಸುಧಾರಣೆ’ಗೆ ಯುಜೆನಿಕ್ಸ್ ಅಂತ ಹೆಸರಿಟ್ಟ. ಅದೇ ಹೆಸರಿನಲ್ಲಿ ಅಮೆರಿಕದಲ್ಲಿ, ಹಿಟ್ಲರ್‌ನ ಜರ್ಮನಿಯಲ್ಲಿ ಸಾವಿರಾರು ಹೆಂಗಸರು, ಗಂಡಸರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು.

ಮನೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

* ಮಗು ಡಾಕ್ಟರ್ ಆಗುತ್ತಾ, ಹಾಡುಗಾರ್ತಿ ಆಗುತ್ತಾ ಅಂತ ಹೇಳುವ ಡಿ.ಎನ್.ಎ. ಪರೀಕ್ಷೆ ಮಾಡಿಸಬಹುದಾ?

ಆ ದುಡ್ಡಿಗೆ ಮಗುವಿಗೆ ಪುಸ್ತಕ ಕೊಡಿಸಿ! 2018ರಲ್ಲಿ 11 ಲಕ್ಷ ಜನರ ಡಿ.ಎನ್.ಎ. ಜಾಲಾಡಿ, ಎಷ್ಟು ವರ್ಷ ಓದುತ್ತಾರೆ ಅನ್ನೋದಕ್ಕೂ ಜೀನ್‌ಗಳಿಗೂ ಇರುವ ನಂಟನ್ನು ಹುಡುಕಿದರು. 1,271 ಕಡೆ ಸುಳಿವು ಸಿಕ್ಕಿತು. ಇಡೀ ಡಿ.ಎನ್.ಎ.ಯ ಅಂಕ ಒಟ್ಟು ಮಾಡಿದರೂ ವಿವರಿಸಲು ಸಾಧ್ಯವಾದದ್ದು ಜನರ ನಡುವಿನ ವ್ಯತ್ಯಾಸದ ಶೇ 11ರಿಂದ 13ರಷ್ಟು. ಅದೂ ಯುರೋಪ್ ಮೂಲದ ಜನರಲ್ಲಿ. ಒಂದು ಮಗುವಿನ ಭವಿಷ್ಯ ಹೇಳೋಕೆ ಇದು ಏನೇನೂ ಸಾಲದು. ಬೆರಳಚ್ಚು ನೋಡಿ ಬುದ್ಧಿ ಹೇಳುತ್ತೇವೆ ಅನ್ನುವ ಪರೀಕ್ಷೆಗಳಿಗಂತೂ ವೈಜ್ಞಾನಿಕ ಆಧಾರವೇ ಇಲ್ಲ.

ಮನೆಯಲ್ಲಿ ಹೀಗೆ ಮಾಡಿ ನೋಡಿ

* ಮಗುವಿನ ಎದುರು ‘ಅಪ್ಪನ ಬುದ್ಧಿ’, ‘ಅತ್ತೆಯ ಗುಣ’ ಅಂತ ಹಣೆಪಟ್ಟಿ ಹಚ್ಚಬೇಡಿ. ನೆಂಟರು ಅಂದರೆ ‘ಅದು ಅವನದೇ ಗುಣ’ ಅಂತ ನಗುತ್ತಲೇ ಹೇಳಿ ಮಾತು ತಿರುಗಿಸಿ.

* ಇಬ್ಬರು ಮಕ್ಕಳಿಗೆ ಒಂದೇ ಅಳತೆ ಬೇಡ. ದೊಡ್ಡವನಿಗೆ ಒಂದು ಗದರಿಕೆ ಸಾಕಾಗಬಹುದು, ಚಿಕ್ಕವಳು ಅದೇ ಗದರಿಕೆಗೆ ಎರಡು ದಿನ ಊಟ ಬಿಡಬಹುದು. ನ್ಯಾಯ ಅಂದರೆ ಇಬ್ಬರಿಗೂ ಬೇಕಾದ್ದನ್ನು ಕೊಡೋದು, ಒಂದೇ ಥರ ಕೊಡೋದಲ್ಲ.

* ನಾಚಿಕೆ ಸ್ವಭಾವದ ಮಗುವನ್ನು ನೆಂಟರ ಮುಂದೆ ನಿಲ್ಲಿಸಿ ‘ಹಾಡು ಹೇಳು’ ಅಂತ ಒತ್ತಾಯಿಸಬೇಡಿ. ಮೊದಲು ಅಜ್ಜಿಯ ಮುಂದೆ, ಆಮೇಲೆ ಪಕ್ಕದ ಮನೆಯವರ ಮುಂದೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಲಿ.

* ಬೆಳಿಗ್ಗೆ ಏಳೋಕೆ ಒದ್ದಾಡುವ ಹುಡುಗನನ್ನು ‘ಕುಂಭಕರ್ಣ’ ಅನ್ನುವ ಮುನ್ನ ಯೋಚಿಸಿ. ಬೇಗ ಏಳುವ, ತಡವಾಗಿ ಏಳುವ ಗುಣಕ್ಕೆ ಸಂಬಂಧಿಸಿದ 351 ತಾಣಗಳನ್ನು 2019ರಲ್ಲಿ ಸುಮಾರು 7 ಲಕ್ಷ ಜನರ ಡಿ.ಎನ್.ಎ.ಯಲ್ಲಿ ಗುರುತಿಸಿದ್ದಾರೆ. ಹದಿಹರೆಯದಲ್ಲಂತೂ ನಿದ್ದೆಯ ಹೊತ್ತು ತಾನಾಗೇ ಮುಂದಕ್ಕೆ ಹೋಗುತ್ತೆ. ರಾತ್ರಿ ಮೊಬೈಲ್ ಬೇಗ ಎತ್ತಿಡಿಸಿ, ಬೆಳಿಗ್ಗೆ ಕಿಟಕಿ ತೆರೆದು ಬಿಸಿಲು ಬಿಡಿ, ಬೈಗುಳಕ್ಕಿಂತ ಅದು ವಾಸಿ.

* ಸ್ವಭಾವ ಬೇರೆ, ನಡತೆ ಬೇರೆ. ಸಿಟ್ಟು ಬರೋದು ಸ್ವಭಾವ ಇರಬಹುದು, ತಂಗಿಗೆ ಹೊಡೆಯೋದು ನಡತೆ. ಮೊದಲನೆಯದನ್ನು ಒಪ್ಪಿಕೊಳ್ಳಿ, ಎರಡನೆಯದನ್ನು ಒಪ್ಪಬೇಡಿ. ಇದು ಗಂಡನಿಗೂ ಅನ್ವಯ! ‘ನನ್ನ ಸ್ವಭಾವವೇ ಹೀಗೆ’ ಅನ್ನುವ ನೆಪದಲ್ಲಿ ಕೈಯೆತ್ತುವ ಹಕ್ಕು ಯಾರಿಗೂ ಇಲ್ಲ.

* ದತ್ತು ಮಗುವಿನ ಅಮ್ಮನೇ? ‘ಯಾರ ರಕ್ತವೋ’ ಅನ್ನುವ ಮಾತಿಗೆ ಕಂಗೆಡಬೇಡಿ. ಹೆತ್ತ ಮಕ್ಕಳೂ ನಮ್ಮ ಪಡಿಯಚ್ಚಾಗಿ ಹುಟ್ಟೋದಿಲ್ಲ. ಮಗು ಆಡುವ ಭಾಷೆ, ನಂಬುವ ಮೌಲ್ಯ, ಕಷ್ಟದಲ್ಲಿ ಓಡಿ ಬರುವ ಮಡಿಲು ಎಲ್ಲ ನಿಮ್ಮದೇ.

* ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮನ್ನು ನೀವು ದೂರಿಕೊಳ್ಳೋದು ನಿಲ್ಲಿಸಿ. ‘ಕಷ್ಟದ’ ಮಗುವಿನ ಅಮ್ಮನಿಗೆ ಬೇಕಿರೋದು ಉಪದೇಶವಲ್ಲ, ದಿನಕ್ಕೆ ಒಂದು ಗಂಟೆ ಮಗುವನ್ನು ನೋಡಿಕೊಳ್ಳುವ ಇನ್ನೊಂದು ಜೊತೆ ಕೈ. ಅದನ್ನು ಗಂಡನ ಹತ್ತಿರ, ಅತ್ತೆಯ ಹತ್ತಿರ ಬಾಯಿಬಿಟ್ಟು ಕೇಳಿ.

ಮಲ್ಲಿಗೆ ಬಳ್ಳಿ ನೆಟ್ಟು ಗುಲಾಬಿ ಬಿಡಲಿಲ್ಲ ಅಂತ ಯಾರೂ ಅಳೋದಿಲ್ಲ. ಹಾಗಂತ ಮಲ್ಲಿಗೆ ತಾನೇ ಅರಳುತ್ತೆ ಅಂತ ನೀರು ಹಾಕದೆ ಬಿಡೋದೂ ಇಲ್ಲ. ಯಾವ ಬಳ್ಳಿ ಅಂತ ಗುರುತು ಹಿಡಿದು, ಅದಕ್ಕೆ ಬೇಕಾದಷ್ಟು ಬಿಸಿಲು, ನೀರು, ಹಂಬು ಹಬ್ಬಲು ಒಂದು ಆಸರೆ ಕೊಟ್ಟರೆ ನಮ್ಮ ಕೆಲಸ ಆಯ್ತು. ಮುಂದಿನ ಸಲ ಯಾರಾದರೂ ‘ಇದು ಯಾರ ಕಡೆಯ ಬುದ್ಧಿ?’ ಅಂತ ಕೇಳಿದರೆ, 84 ಲಕ್ಷದ ಲೆಕ್ಕ ಹೇಳಿ ಅವರ ಕೈಗೆ ಇನ್ನೊಂದು ಚಕ್ಕುಲಿ ಕೊಡಿ!